ಲೋಹಿತಾಕ್ಷನಿಗೆ ಹೆಣ್ಣು ಬೇಕು

ಮಂಗಳೂರಿನ ಮಣ್ಣಗುಡ್ಡದ ಮುಖೇಶನಿಗೆ ಬುದ್ಧಿ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬುದ್ಧಿ ಬೇಕಾದಷ್ಟು ಇತ್ತು. ಅದು ಬರುವ ಹೊತ್ತು ಮಾತ್ರ ಸರಿ ಇರಲಿಲ್ಲ. ನಮಗೆ ನಿಮಗೆಲ್ಲ ಮಾತಾಡುವ ಮೊದಲು ಬರುವ ಬುದ್ಧಿ ಅವನಿಗೆ ಮಾತಾಡಿ, ಮನೆಗೆ ಬಂದು, ಕಾಲು ತೊಳೆದು, ಊಟಕ್ಕೆ ಕೂತು ಎರಡು ತುತ್ತು ಇಳಿದ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿ ಮುಗಿದಿರುತ್ತಿತ್ತು.

ಅವನ ಕಸುಬು ಮದುಮಕ್ಕಳನ್ನು ಹೊಲಿಯುವುದು. ಗಾಬರಿಯಾಗಬೇಡಿ, ಬಟ್ಟೆಯ ಮದುಮಕ್ಕಳು. ಗೇಣುದ್ದದ ಗಂಡಿಗೆ ಪೇಟ, ಪಂಚೆ; ಗೇಣುದ್ದದ ಹೆಣ್ಣಿಗೆ ಧಾರೆ ಸೀರೆ, ಕರಿಮಣಿ, ಜಡೆ ತುಂಬ ಮಲ್ಲಿಗೆ. ತೀರಿಹೋದ ಅಮ್ಮ ಬಿಟ್ಟುಹೋದ ಪೆಡಲ್ ಮೆಷಿನ್ನಿನಲ್ಲಿ ಇವನ್ನೆಲ್ಲ ಹೊಲಿದು, ‘ಗೊಂಬೆ ದಿಬ್ಬಣ’ ಎಂದು ಹೆಸರಿಟ್ಟು ಆನ್‌ಲೈನಿನಲ್ಲಿ ಮಾರುತ್ತಿದ್ದ. ಮದುವೆಗೆ ಉಡುಗೊರೆ ಕೊಡುವವರು ಕೊಳ್ಳುತ್ತಿದ್ದರು. ಕೊಂಡವರಲ್ಲಿ ಅರ್ಧ ಜನ ಪೇಟ ದೊಡ್ಡದಾಯಿತು, ಪಂಚೆ ಗಿಡ್ಡವಾಯಿತು ಎಂದು ವಾಪಸ್ ಕಳಿಸುತ್ತಿದ್ದರು. ಅಳತೆಗೂ ಮುಖೇಶನಿಗೂ ಹುಟ್ಟಿನಿಂದಲೇ ಆಗಿಬರುತ್ತಿರಲಿಲ್ಲ. ಕೊರಿಯರಿನ ಬ್ರಯಾನ್ ಆ ಮನೆಗೆ ಪಾರ್ಸೆಲ್ ಒಯ್ಯಲು ಬಂದದ್ದಕ್ಕಿಂತ ವಾಪಸ್ ಕೊಡಲು ಬಂದದ್ದೇ ಹೆಚ್ಚು.

ಹೀಗಿರುವಾಗ ಆಟಿ ತಿಂಗಳು ಬಂತು. ಆಟಿಯಲ್ಲಿ ತುಳುನಾಡಿನಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಇರುವುದು ಮಳೆ, ಪತ್ರೊಡೆ, ಮತ್ತೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದು. ಆರ್ಡರ್ ನಿಂತಿತು. ಆರ್ಡರ್ ನಿಂತದ್ದರಿಂದ ವಾಪಸ್ ಬರುವುದೂ ನಿಂತಿತು, ಮುಖೇಶ್ ಅದನ್ನೇ ಒಂದು ಪ್ರಗತಿ ಎಂದು ಹೆಂಡತಿ ಅನುಷ್ಕಾಳಿಗೆ ವಿವರಿಸಿದ. ಅವಳು ಒಪ್ಪಲಿಲ್ಲ.

ಅವಳ ಅಣ್ಣನಿಗೆ ಪಂಪ್‌ವೆಲ್‌ನಲ್ಲಿ ಟಯರ್ ಅಂಗಡಿ. ಆ ಭಾವ ಒಂದು ಭಾನುವಾರ ಬಂದು, ಚಾ ಕುಡಿದು, ತೀರ್ಪು ಕೊಟ್ಟ.

“ನೋಡು ಮುಖೇಶ್, ಆಟಿ ಮುಗಿಯುವುದರೊಳಗೆ ಒಂದು ಆರ್ಡರಾದ್ರೂ ಬಂದ್ರೆ ಬಂತು. ಇಲ್ಲದಿದ್ರೆ ಈ ಮೆಷಿನ್ ಗುಜರಿಗೆ, ನೀನು ನನ್ನ ಅಂಗಡಿಗೆ. ಪ್ರಾಯದ ಗಂಡಸು ಬೊಂಬೆಗೆ ಕುಪ್ಪಸ ಹೊಲಿಯುವುದು ನಾನು ಎಲ್ಲಿಯೂ ಕಂಡಿಲ್ಲ ಮಾರಾಯ.”

ಟಯರಿನ ಮಾತು ಮುಖೇಶನಿಗೆ ಅಷ್ಟು ನೋಯಲಿಲ್ಲ. ಗುಜರಿಯ ಮಾತು ನೋಯಿತು. ಆ ಮೆಷಿನ್ನಿನ ಸದ್ದು ಕೇಳುತ್ತಲೇ ಅವನು ಬೆಳೆದದ್ದು. ಅಮ್ಮನ ಫೋಟೊವನ್ನೂ ಅದರ ಮೇಲಿನ ಗೋಡೆಗೇ ತೂಗುಹಾಕಿದ್ದ. ಹೇಗಾದರೂ ಮಾಡಿ ಅದನ್ನು ಉಳಿಸಿಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದ.

ನಿಶ್ಚಯಿಸಿದವನು ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿದ. ವ್ಯಾಪಾರ ಇಲ್ಲದಾಗ ಸೃಜನಶೀಲರಾಗಿ ಇರುವುದು ಹೇಗೆ ಎಂದು ಒಬ್ಬ ಹೆಂಗಸು ನಗುನಗುತ್ತಾ ಹೇಳುತ್ತಿದ್ದಳು. “ಮಾರಲು ಹೋಗಬೇಡಿ, ಕಥೆ ಹೇಳಿ. ನಿಮ್ಮ ವಸ್ತುವಿಗೆ ಜೀವ ಕೊಡಿ.” ಪಾಪ, ಅವಳಿಗೆ ಮುಖೇಶನ ಪರಿಚಯ ಇರಲಿಲ್ಲ.

ಕಪಾಟಿನಲ್ಲಿ ಒಂದೇ ಒಂದು ಗಂಡು ಬೊಂಬೆ ಉಳಿದಿತ್ತು. ಕೆಂಪು ರೇಷ್ಮೆ ಮುಗಿದದ್ದರಿಂದ ಅದಕ್ಕೆ ಹೆಣ್ಣು ಹೊಲಿದಿರಲಿಲ್ಲ. ಬಿಳಿ ಬಟ್ಟೆಯೂ ಸಾಲದೆ, ಮೆಷಿನ್ನಿನ ಡ್ರಾಯರಿನ ತಳದಲ್ಲಿದ್ದ ಹಳದಿ ಹೂವಿನ ಒಂದು ಹಳೇ ತುಂಡಿನಲ್ಲಿ ಅಂಗಿ ಹೊಲಿದಿದ್ದ. ಇಸ್ತ್ರಿ ಪೆಟ್ಟಿಗೆ ತಾಗಿ ಎಡಕಿವಿಯ ಕೆಳಗೆ ಒಂದು ಚುಕ್ಕೆ ಸುಟ್ಟಿತ್ತು. ಮುಖೇಶ್ ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಚಂದ ಕಾಣಲಿ ಎಂದು ಪಕ್ಕದಲ್ಲಿ ಒಂದು ಎಣ್ಣೆ ದೀಪ ಹಚ್ಚಿಟ್ಟು ಫೋಟೊ ತೆಗೆದ. ಕೆಳಗೆ ಬರೆದ:

“ವರ: ಲೋಹಿತಾಕ್ಷ. ಪ್ರಾಯ ಮೂವತ್ತಾರು. ಊರು ಮಂಗಳೂರು. ಕುಂದರ್ ಬರಿ (ಗೋತ್ರ). ಮಾತಿಲ್ಲ, ಊಟವಿಲ್ಲ, ದುಶ್ಚಟವಿಲ್ಲ. ಸ್ವಂತ ಪೆಟ್ಟಿಗೆಯಲ್ಲಿ ವಾಸ. ಎಡಕಿವಿಯ ಕೆಳಗೆ ಮಚ್ಚೆ ಉಂಟು. ತುಂಬ ಸಮಯದಿಂದ ಒಬ್ಬನೇ ಇದ್ದಾನೆ. ಈ ಆಟಿಯಲ್ಲೇ ಹೆಣ್ಣು ಬೇಕಾಗಿದೆ.”

ಹೆಸರು ಎಲ್ಲಿಂದ ಬಂತು ಎಂದು ಅನುಷ್ಕಾ ಕೇಳಿದಳು. “ಗೊತ್ತಿಲ್ಲ, ಬಾಯಿಗೆ ಬಂತು” ಎಂದ. ಬಾಯಿಗೆ ಬಂದದ್ದನ್ನು ಬರೆಯುವುದು ಅವನಿಗೆ ಹೊಸತಲ್ಲದ್ದರಿಂದ ಅವಳು ಮುಂದೆ ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಫೋನು ಬಂತು. ಒಬ್ಬ ವಯಸ್ಸಾದ ಹೆಂಗಸಿನ ಸ್ವರ.

“ನಾನು ದೇರೆಬೈಲಿನ ದೇಯಿ ಅಂತ. ಲೋಹಿತಾಕ್ಷನಿಗೆ ಬೇರೆ ಕಡೆ ಮಾತಾಗಿದೆಯಾ?”

ಮುಖೇಶನಿಗೆ ರೋಮಾಂಚನವಾಯಿತು. ಕಥೆಯೊಳಗೆ ತಾನೂ ಇಳಿದು ಆಡುವ ಗಿರಾಕಿ! ವೀಡಿಯೊದಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ತಾನೂ ಆಡಿದ. “ಇಲ್ಲಮ್ಮ, ನೀವೇ ಮೊದಲು ಕೇಳಿದ್ದು.”

“ನಮ್ಮದು ಸಾಲಿಯಾನ್ ಬರಿ. ಒಂದೇ ಬರಿ ಆಗಿದ್ರೆ ಅಣ್ಣತಂಗಿ ಆಗ್ತಿತ್ತು. ಇದು ಆಗ್ತದೆ. ನಾಡಿದ್ದು ಹುಡುಗನನ್ನು ನೋಡ್ಲಿಕ್ಕೆ ಬರ್ತೇವೆ.”

“ಧಾರಾಳ ಬನ್ನಿ. ಅವನು ಎಲ್ಲಿಗೂ ಹೋಗುವುದಿಲ್ಲ, ಪೆಟ್ಟಿಗೆಯಲ್ಲೇ ಇರ್ತಾನೆ” ಎಂದು ಮುಖೇಶ್ ನಕ್ಕ.

ಆ ಕಡೆಯಿಂದ ನಗು ಕೇಳಲಿಲ್ಲ. ಒಂದು ನಿಟ್ಟುಸಿರು ಕೇಳಿತು.

ದೇಯಿಯಮ್ಮ ಬಂದದ್ದು ಮಧ್ಯಾಹ್ನ, ಧೋ ಎಂದು ಸುರಿಯುವ ಮಳೆಯಲ್ಲಿ, ತೆಂಗಿನಕಾಯಿ ವೀಳ್ಯದೆಲೆ ಹಿಡಿದುಕೊಂಡು. ಬೊಂಬೆಯನ್ನು ಕಂಡದ್ದೇ ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಅದರ ಮುಖವನ್ನು ತುಂಬ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಗಿರಾಕಿಯ ಅಭಿನಯ ಸ್ವಲ್ಪ ಜಾಸ್ತಿಯಾಯಿತೆಂದು ಮುಖೇಶನಿಗೆ ಅನ್ನಿಸುವಷ್ಟರಲ್ಲಿ ಬಾಗಿಲಲ್ಲಿ ಬೆನಿಟಾ ನಿಂತಿದ್ದಳು. ಮಳೆಗಾಲದಲ್ಲಿ ಮನೆಮನೆಗೆ ಬಂದು, ನೀರು ನಿಂತ ಚಟ್ಟಿ ಬಕೆಟ್ಟುಗಳಲ್ಲಿ ಸೊಳ್ಳೆಮರಿ ಹುಡುಕುವ ಮಲೇರಿಯಾ ಇಲಾಖೆಯ ಹುಡುಗಿ.

“ಮನೆಯಲ್ಲಿ ಜನ ಎಷ್ಟು?” ಬೆನಿಟಾ ಕೇಳಿದಳು.

“ಇಬ್ಬರು” ಎಂದ ಮುಖೇಶ್.

“ಹುಡುಗ ಸೇರಿ ಮೂವರು” ಎಂದು ದೇಯಿಯಮ್ಮ ತಿದ್ದಿದರು.

“ಯಾವ ಹುಡುಗ? ಎಲ್ಲಿದ್ದಾನೆ?”

“ಇಲ್ಲೇ ಮಲಗಿದ್ದಾನೆ.”

“ಹಗಲಿಗೆ ಮಲಗಿದ್ದಾನಾ? ಜ್ವರ ಉಂಟಾ?” ಬೆನಿಟಾ ಗಂಭೀರಳಾದಳು. “ಚಳಿ ಜ್ವರವಾ? ರಕ್ತ ತೆಗೀಬೇಕು.”

ಮುಖೇಶನಿಗೆ ಇವಳು ಒಮ್ಮೆ ಹೋದರೆ ಸಾಕಾಗಿತ್ತು. “ಜ್ವರ ಇತ್ತು ಮಾರ್ರೆ. ಈಗ ಇಲ್ಲ” ಎಂದುಬಿಟ್ಟ. ಆ ಮಾತನ್ನು ತಾನು ಹೇಳಿದ್ದೋ, ಪಕ್ಕದಲ್ಲಿ ನಿಂತ ಯಾರೋ ಹೇಳಿದ್ದೋ ಎಂದು ಅನುಮಾನವಾಯಿತು. ಬೆನಿಟಾ ಪೆಟ್ಟಿಗೆಯ ಕಡೆ ಒಮ್ಮೆ ಇಣುಕಿದವಳು, ಬಾವಿಯನ್ನೂ ನೋಡದೆ ಕೊಡೆ ಬಿಡಿಸಿಕೊಂಡು ಓಡಿದಳು.

ದೇಯಿಯಮ್ಮ ಮಡಿಲಿನಿಂದ ಒಂದು ಗಂಟು ತೆಗೆದರು. ಅದರಲ್ಲಿ ಒಂದು ಪುಟ್ಟ ಫ್ರಾಕು, ಎರಡು ಪುಟ್ಟ ಬಳೆ.

“ಇದು ನಮ್ಮ ದೊಡ್ಡ ಮಗಳು ಹರಿಣಾಕ್ಷಿಯದ್ದು. ಹೋಗುವಾಗ ಎರಡು ವರ್ಷ ಮಗಾ. ಈಗ ಇದ್ದಿದ್ರೆ ಮೂವತ್ತೆರಡು.”

ಮುಖೇಶನಿಗೆ ಬುದ್ಧಿ ಬಂದದ್ದು ಆಗ. ಈ ಸಲ ಊಟಕ್ಕೆ ಕೂರುವವರೆಗೂ ಕಾಯಲಿಲ್ಲ.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಮದುವೆಯಾಗದೆ ತೀರಿಹೋದವರು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಬಂದಾಗ ಮನೆಯವರು ಅವರಿಗೆ ತಕ್ಕ ಒಂದು ಸಂಬಂಧ ಹುಡುಕಿ ಮದುವೆ ಮಾಡಬೇಕು. ಕುಲೆ ಮದುವೆ ಎನ್ನುತ್ತಾರೆ. ಬರಿ ನೋಡಬೇಕು, ಪ್ರಾಯ ನೋಡಬೇಕು, ಎರಡೂ ಕಡೆಯವರು ಒಪ್ಪಬೇಕು. ಬೇರೆ ಮದುವೆಗಳಿಗೆ ಆಗದ ಆಟಿ, ಈ ಮದುವೆಗೆ ಆಗುತ್ತದೆ. ಆಟಿಯಲ್ಲಿ, ದೀಪ ಹಚ್ಚಿ, ಪೆಟ್ಟಿಗೆಯಲ್ಲಿರುವ ಗಂಡಿಗೆ ಹೆಣ್ಣು ಬೇಕೆಂದು ಜಾಹೀರಾತು ಕೊಟ್ಟರೆ ಮಂಗಳೂರಿನಲ್ಲಿ ಅದಕ್ಕೆ ಇನ್ನೊಂದು ಅರ್ಥ ಹುಡುಕಲು ಯಾರೂ ಹೋಗುವುದಿಲ್ಲ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಮುಖೇಶನಿಗೆ ಮಾತ್ರ ಅದು ಹೊಳೆದಿರಲಿಲ್ಲ.

“ಅಮ್ಮ, ಅದು ನಾನು...” ಎಂದು ಶುರು ಮಾಡಿದ.

“ನಮ್ಮ ಸಣ್ಣ ಮಗಳಿಗೆ ಎಷ್ಟು ಗಂಡು ಬಂದು ಹೋದ್ರು ಗೊತ್ತುಂಟಾ ಮಗಾ? ಎಲ್ಲ ಒಪ್ತಾರೆ, ಮಾತು ಮುರಿದು ಹೋಗ್ತದೆ. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ನೋಡಿದಾಗ ಹೇಳಿದ್ರು, ಅಕ್ಕ ಹೊಸ್ತಿಲಲ್ಲಿ ಕೂತಿದ್ದಾಳೆ, ಅವಳನ್ನು ಮೊದಲು ದಾಟಿಸಿ ಅಂತ. ಎಷ್ಟು ಆಟಿ ಹುಡುಕಿದ್ದೇವೆ! ಮೊನ್ನೆ ನಿಮ್ಮ ಲೋಹಿತಾಕ್ಷನ ಫೋಟೊ ನೋಡಿ ದೀಪ ಹಚ್ಚಿದೆ. ಆ ರಾತ್ರಿ ನಮ್ಮ ನಾಯಿ ಊಳಿಡ್ಲಿಲ್ಲ.”

ದೇಯಿಯಮ್ಮ ಮುಂದುವರಿಸಿದರು. “ಹೆಣ್ಣನ್ನೂ ನೀನೇ ಹೊಲಿದು ಕೊಡು. ಧಾರೆ ಸೀರೆ, ಬಳೆ, ಕರಿಮಣಿ ಎಲ್ಲ ಬೇಕು. ಇದು ಆರ್ಡರು ಅಂತ ತಿಳ್ಕೊ.”

ಆರ್ಡರು! ಆಟಿಯ ಮೊದಲ ಆರ್ಡರು. ಮುಖೇಶ್ ಅಮ್ಮನ ಮೆಷಿನ್ ಕಡೆ ನೋಡಿದ. ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೂ ಗೊತ್ತಿರಲಿಲ್ಲ. ದೇಯಿಯಮ್ಮ ಅದನ್ನು ಹೌದೆಂದೇ ತೆಗೆದುಕೊಂಡರು.

ಅವರು ಹೋದದ್ದೇ ಒಳಗಿನಿಂದ ಅನುಷ್ಕಾ ಬಂದಳು.

“ಎಂತ ಮಾಡಿದ್ದು ನೀವು? ಇಲ್ಲದ ಸತ್ತವನನ್ನು ಈಗ ಎಲ್ಲಿಂದ ತರ್ತೀರಿ?”

“ನಮ್ಮ ಕುಟುಂಬದಲ್ಲಿ ಮದುವೆಯಾಗದೆ ಹೋದವರು ಯಾರಾದ್ರೂ...”

“ಎಲ್ಲರೂ ಮದುವೆಯಾಗಿಯೇ ಹೋದದ್ದು. ಹೆಚ್ಚಿನವರು ಆದದ್ದರಿಂದಲೇ ಹೋದದ್ದು.” ಅವಳು ಸೊಂಟದ ಮೇಲೆ ಕೈಯಿಟ್ಟಳು. ಆಮೇಲೆ ದನಿ ತಗ್ಗಿತು. “ಆ ಹುಡುಗಿ ಅಷ್ಟು ವರ್ಷ ಕಾದು, ಸೀರೆ ಉಟ್ಟು, ಗಂಡನ ಮನೆಗೆ ಅಂತ ಹೊರಡ್ತಾಳೆ. ಅಲ್ಲಿ ಹೋಗಿ ನೋಡಿದ್ರೆ ಯಾರೂ ಇಲ್ಲ. ಆಗ ಅವಳು ಎಲ್ಲಿಗೆ ಹೋಗ್ಬೇಕು? ಇಲ್ಲಿಗೇ ಬರ್ತಾಳೆ.”

ಮುಖೇಶ್ ಬಾಗಿಲ ಚಿಲಕ ಹಾಕಿದ. ಹಗಲು ಮೂರು ಗಂಟೆಗೆ.

ಮರುದಿನ ಬೆಳಿಗ್ಗೆ ನೋಡಿದರೆ ಬೊಂಬೆ ಪೆಟ್ಟಿಗೆಯಲ್ಲಿ ಅಂಗಾತ ಮಲಗಿರಲಿಲ್ಲ. ಮಗ್ಗುಲಾಗಿ, ಅಮ್ಮನ ಫೋಟೊ ಕಡೆ ತಿರುಗಿತ್ತು. “ಫ್ಯಾನಿನ ಗಾಳಿ” ಎಂದ ಮುಖೇಶ್. ಹಿಂದಿನ ದಿನದಿಂದ ಕರೆಂಟು ಇಲ್ಲವೆಂದು ಅನುಷ್ಕಾ ನೆನಪಿಸಿದಳು. ಅವನು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಚಾ ಕುಡಿಯಲು ಹೋದ. ಚಾ ಕುಡಿದು ಬರುವಾಗ ಅದು ಮತ್ತೆ ಫೋಟೊ ಕಡೆ ತಿರುಗಿತ್ತು. ಅಲ್ಲಿಂದ ಮುಂದೆ ಯಾರೂ ತಿರುಗಿಸಲು ಹೋಗಲಿಲ್ಲ.

ಪಕ್ಕದ ಮನೆಯ ಖತೀಜಮ್ಮ ಪಾಗಾರದ ಗೋಡೆಯ ಆಚೆಯಿಂದ ಕರೆದರು.

“ಮೋನೆ, ನಿನಗೆ ಅಣ್ಣ ಉಂಟಾ?”

“ಇಲ್ಲ ಖತೀಜಮ್ಮ, ನಾನೊಬ್ಬನೇ.”

“ಹಾಗಾದ್ರೆ ನಿನ್ನೆ ಗೇಟಿನ ಹತ್ತಿರ ನಿಂತದ್ದು ಯಾರು? ನಿನ್ನದೇ ಮೂಗು, ನಿನ್ನದೇ ನಿಲ್ಲುವ ಕ್ರಮ. ಕೊಡೆ ಇಲ್ಲ. ಅಷ್ಟು ಮಳೆಯಲ್ಲಿ ನೆನೀಬೇಡ, ಒಳಗೆ ಬಾ ಅಂತ ನಾನೇ ಕರೆದೆ. ಬರ್ಲಿಲ್ಲ. ನಿಮ್ಮ ಮನೆ ಕಡೆ ಕೈ ತೋರಿಸಿದ.” ಅವರು ಸ್ವಲ್ಪ ಯೋಚಿಸಿದರು. “ಮತ್ತೊಂದು ಎಂತ ಗೊತ್ತುಂಟಾ, ಅವನ ಅಂಗಿ ಒದ್ದೆಯೇ ಆಗಿರ್ಲಿಲ್ಲ. ಹಳದಿ ಅಂಗಿ.”

“ಕೊರಿಯರಿನವ ಇರಬೇಕು” ಎಂದ ಮುಖೇಶ್.

ಇನ್ನು ಸಾಕು ಎಂದುಕೊಂಡ. ಮೆಷಿನ್ ಹೋಗಲಿ, ಟಯರ್ ಬರಲಿ, ದೇರೆಬೈಲಿಗೆ ಹೋಗಿ ದೇಯಿಯಮ್ಮನ ಕಾಲಿಗೆ ಬಿದ್ದು ಇದ್ದದ್ದು ಹೇಳಿಬಿಡುವುದು. ಚಪ್ಪಲಿ ಹಾಕಿ ಬಾಗಿಲು ತೆಗೆದ. ಎದುರಿಗೆ ದುಗ್ಗಪ್ಪ ಮಾವ ನಿಂತಿದ್ದರು.

ದುಗ್ಗಪ್ಪ ಎಂದರೆ ಮುಖೇಶನ ಅಮ್ಮನ ಅಣ್ಣ. ಅವರು ಪಿಸುಮಾತಾಡಿದರೆ ರಸ್ತೆಯ ಆಚೆ ಬದಿಗೆ ಕೇಳುತ್ತದೆ. ಆ ದಿನ ಅವರು ಪಿಸುಮಾತಾಡಲಿಲ್ಲ.

“ಕುಟುಂಬದ ವಾಟ್ಸಾಪಿನಲ್ಲಿ ಎಲ್ಲರೂ ನನ್ನನ್ನು ಕೇಳ್ತಿದ್ದಾರೆ! ಮಾವ ಅಂತ ನಾನೊಬ್ಬ ಬದುಕಿರುವಾಗ ಯಾರನ್ನು ಕೇಳಿ ನೀನು ಸಂಬಂಧಕ್ಕೆ ಹೊರಟದ್ದು? ಅವನ ವಿಷಯ ನಿನಗೆ ಹೇಳಿದ್ದಾದ್ರೂ ಯಾರು?”

“ಯಾರ ವಿಷಯ ಮಾವ?”

“ಲೋಹಿತಾಕ್ಷನ ವಿಷಯ!”

ಗೇಟಿನ ಹತ್ತಿರ ಪಾರ್ಸೆಲ್ ಹಿಡಿದು ನಿಂತಿದ್ದ ಬ್ರಯಾನ್ ಸದ್ದಿಲ್ಲದೆ ಸ್ಕೂಟರನ್ನು ಹಿಂದೆ ತಳ್ಳಿಕೊಂಡು ಹೋದ.

ದುಗ್ಗಪ್ಪ ಮಾವ ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು. ನೀರು ಕುಡಿದರು. ಜೀವಮಾನದಲ್ಲಿ ಮೊದಲ ಬಾರಿ ಅವರ ಸ್ವರ ಅಡುಗೆಮನೆಯವರೆಗೂ ಮುಟ್ಟಲಿಲ್ಲ.

“ನಿನಗಿಂತ ಮೊದಲು ಒಬ್ಬ ಇದ್ದ ಮಗಾ. ನಿನಗಿಂತ ಎರಡು ವರ್ಷಕ್ಕೆ ದೊಡ್ಡವ, ಈಗ ಇದ್ದಿದ್ರೆ ಮೂವತ್ತಾರು. ವರ್ಷ ತುಂಬುವ ಮೊದಲೇ ಚಳಿ ಜ್ವರ ಬಂದು ಹೋದ, ಇದೇ ಆಟಿಯಲ್ಲಿ. ಕಿವಿಯ ಕೆಳಗೆ ಮಚ್ಚೆ ಇತ್ತು. ಇನ್ನು ಯಾರೂ ಅವನ ಹೆಸರೆತ್ತಬಾರದು ಅಂತ ನಿನ್ನ ಅಮ್ಮ ನಮ್ಮೆಲ್ಲರ ಹತ್ತಿರ ಆಣೆ ಹಾಕಿಸಿದ್ಲು. ಎತ್ತಿದ್ರೆ ಅವಳಿಗೆ ತಡೀತಿರ್ಲಿಲ್ಲ.”

ಅನುಷ್ಕಾ ಮೆಲ್ಲಗೆ ಪೆಟ್ಟಿಗೆ ತಂದು ಅವರ ಮುಂದಿಟ್ಟಳು. ದುಗ್ಗಪ್ಪ ಬೊಂಬೆಯ ಮಚ್ಚೆಯನ್ನು ನೋಡಿದರು. ಆಮೇಲೆ ಅಂಗಿಯನ್ನು ಬೆರಳಿನಿಂದ ಮುಟ್ಟಿದರು.

“ಈ ಬಟ್ಟೆ ಎಲ್ಲಿ ಸಿಕ್ಕಿದ್ದು?”

“ಅಮ್ಮನ ಡ್ರಾಯರಿನಲ್ಲಿ.”

“ಅವನಿಗೆ ಅಂಗಿ ಹೊಲೀತಾ ಇದ್ಲು. ಅರ್ಧಕ್ಕೆ ಬಿಟ್ಟಿದ್ಲು” ಎಂದರು ಮಾವ.

ಮುಖೇಶ್ ಅತ್ತ. ಹೆದರಿ ಅಲ್ಲ. ಶಾಲೆಗೆ ಹೋಗುವಾಗ ಎಲ್ಲರಿಗೂ ಅಣ್ಣಂದಿರಿದ್ದರು, ಇವನಿಗೆ ಮಾತ್ರ ಇರಲಿಲ್ಲ. ಇದ್ದನಂತೆ. ಇಷ್ಟು ವರ್ಷ ಮಳೆಯಲ್ಲಿ, ಕೊಡೆ ಇಲ್ಲದೆ, ಗೇಟಿನ ಹೊರಗೆ.

ಆ ಮೇಲೆ ನಡೆದದ್ದು ಮದುವೆಯ ಗಡಿಬಿಡಿ. ಸತ್ತವರ ಮದುವೆಯೆಂದು ಜಗಳವೇನೂ ಕಡಿಮೆ ಇರಲಿಲ್ಲ. ದೇರೆಬೈಲಿನ ಮನೆಯಲ್ಲಿ ಎರಡು ಕುರ್ಚಿ, ಒಂದರಲ್ಲಿ ಲೋಹಿತಾಕ್ಷ, ಒಂದರಲ್ಲಿ ಹರಿಣಾಕ್ಷಿ. ಸೀರೆಯ ಜರಿ ತೆಳ್ಳಗಾಯಿತೆಂದು ಹೆಣ್ಣಿನ ಕಡೆಯವರು ಗೊಣಗಿದರು. ಗಂಡಿನ ಕಡೆಯವರಿಗೆ ಬೆಲ್ಲ ನೀರು ಕೊಡಲು ತಡವಾಯಿತೆಂದು ದುಗ್ಗಪ್ಪ ಮಾವ ರೇಗಿದರು. ಮದುಮಗಳು ಸೀರೆ ಉಡಲಿ ಎಂದು ಎಲ್ಲರೂ ಹೊರಗೆ ನಿಂತು ಕಾದರು, ಉಡಿಸಿಯೇ ತಂದದ್ದಲ್ಲವೇ ಎಂದ ಮುಖೇಶನಿಗೆ ಅನುಷ್ಕಾ ಚಿವುಟಿದಳು. ಮದುವೆಯಾಗದವರು ನೋಡಬಾರದ ಮದುವೆ ಎಂದು ದೇಯಿಯಮ್ಮನ ಸಣ್ಣ ಮಗಳನ್ನು ನೆರೆಮನೆಗೆ ಕಳಿಸಿದ್ದರು. ಖತೀಜಮ್ಮ ಮಾಲೆ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಕೊಟ್ಟಿದ್ದರು. “ನಮ್ಮಲ್ಲಿ ಇದೆಲ್ಲ ಇಲ್ಲ. ಆದ್ರೆ ಅವನನ್ನು ನೋಡಿದ್ದು ನಾನೇ ಅಲ್ವಾ, ಬರಿಗೈಯಲ್ಲಿ ಕಳಿಸ್ಲಿಕ್ಕೆ ಆಗ್ತದಾ?” ಎಂದಿದ್ದರು.

ಆಶ್ಚರ್ಯದ ಸಂಗತಿ ಒಂದೇ. ಹರಿಣಾಕ್ಷಿಗೆ ಹೊಲಿದ ಸೀರೆ, ಕುಪ್ಪಸ, ಬಳೆ, ಯಾವುದೂ ದೊಡ್ಡದಾಗಲಿಲ್ಲ, ಯಾವುದೂ ಗಿಡ್ಡವಾಗಲಿಲ್ಲ. ಮುಖೇಶನ ಕೈಯಲ್ಲಿ ಅಂಥದ್ದು ಹಿಂದೆ ಆದದ್ದಿಲ್ಲ.

ಮದುಮಕ್ಕಳಿಗೆ ಎರಡು ಎಲೆ ಹಾಕಿ ಬಂಗುಡೆ ಮೀನು ಫ್ರೈ, ಕೋಳಿ ಸುಕ್ಕ, ಕಡ್ಲೆ ಬಲ್ಯಾರ್ ಎಲ್ಲ ಬಡಿಸಿ ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ತೆಗೆದರೆ ಲೋಹಿತಾಕ್ಷನ ಎಲೆಯಲ್ಲಿ ಬಂಗುಡೆಯ ಮುಳ್ಳು ಮಾತ್ರ ಇತ್ತು.

ಎಲ್ಲರೂ ತಿರುಗಿ ಟಯರ್ ಭಾವನನ್ನು ನೋಡಿದರು. ಅವನ ಬಾಯಿಚಪಲ ಊರಿಗೇ ಗೊತ್ತು.

“ದೇವರಾಣೆ ನಾನಲ್ಲ!” ಭಾವ ಕಿರುಚಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. “ನಾನು ಕಿಟಕಿಯಿಂದ ಸುಮ್ಮನೆ ಇಣುಕಿ ನೋಡಿದ್ದು, ಅಷ್ಟೇ!”

ಎಂತ ನೋಡಿದ್ದು ಎಂದು ಕೇಳಿದರೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಬಂಗುಡೆ ತಿನ್ನುವುದನ್ನು ಬಿಟ್ಟಿದ್ದಾನೆ. ಮಾರನೆಯ ವಾರ ತಾನಾಗಿಯೇ ಮಣ್ಣಗುಡ್ಡಕ್ಕೆ ಬಂದು, ಆ ಮೆಷಿನ್ನಿಗೆ ಎಣ್ಣೆ ಬಿಟ್ಟು, ಕೈ ಮುಗಿದು ಹೋದ. ಗುಜರಿಯ ಮಾತು ಮತ್ತೆ ಬರಲಿಲ್ಲ.

ಆಟಿ ಕಳೆದು ಸೋಣ ತಿಂಗಳಲ್ಲಿ ಮದುವೆಗಳು ಶುರುವಾಗಿ ‘ಗೊಂಬೆ ದಿಬ್ಬಣ’ಕ್ಕೆ ಆರ್ಡರುಗಳು ಬಂದವು. ಅವುಗಳಲ್ಲಿ ಅರ್ಧ, ಯಥಾಪ್ರಕಾರ, ವಾಪಸ್ ಬಂದವು. ದೇಯಿಯಮ್ಮನ ಸಣ್ಣ ಮಗಳಿಗೆ ಗಂಡು ಒಪ್ಪಿತು, ಡಿಸೆಂಬರಿನಲ್ಲಿ ಮದುವೆಯೂ ಆಯಿತು. ಮಾರ್ಚ್‌ನ ಸೆಕೆಯಲ್ಲಿ ಒಂದು ಮಧ್ಯಾಹ್ನ ದೇಯಿಯಮ್ಮನ ಫೋನು ಬಂತು.

“ಮಗಾ, ಬಯಕೆಯ ಸೀರೆ ಒಂದು ಹೊಲಿದು ಕೊಡ್ಬೇಕು. ಹಸಿರು. ಸಣ್ಣದು, ನಿನ್ನ ಬೊಂಬೆಯ ಅಳತೆಗೆ.”

ಬಯಕೆ ಎಂದರೆ ಸೀಮಂತ. ಮುಖೇಶ್ ಬೆರಳು ಮಡಚಿ ಲೆಕ್ಕ ಹಾಕಿದ. ಡಿಸೆಂಬರ್, ಜನವರಿ... ಸಂಕೋಚವಾಯಿತು. “ಇಷ್ಟು ಬೇಗವಾ ಅಮ್ಮ?”

“ಅವಳದ್ದಲ್ಲ ಮಗಾ” ಎಂದರು ದೇಯಿಯಮ್ಮ. “ದೊಡ್ಡವಳದ್ದು. ಕನಸಿನಲ್ಲಿ ಬಂದಿದ್ಲು. ಹೊಟ್ಟೆ ತುಂಬಿದೆ. ಮುಖ ಎಷ್ಟು ಚಂದ, ಎಷ್ಟು ಪೊರ್ಲು ಆಗಿದೆ ಗೊತ್ತುಂಟಾ!”

ಮುಖೇಶ್ ಫೋನಿಟ್ಟು ಮೆಷಿನ್ನಿನ ಮುಂದೆ ಕೂತ. ಹಸಿರು ಸೀರೆ ಹೊಲಿದ. ಅದು ಮುಗಿದ ಮೇಲೂ ಎದ್ದು ಬರಲಿಲ್ಲ. ಅಮ್ಮನ ಹಳೆಯ ವಾಯಿಲ್ ಸೀರೆಯ ಸೆರಗು ಕತ್ತರಿಸಿ, ಹೆಬ್ಬೆರಳು ಹಿಡಿಸುವಷ್ಟು ಸಣ್ಣ ಒಂದು ಅಂಗಿಗೆ ಗುಂಡಿ ಕೂರಿಸುತ್ತಿದ್ದ.

“ಇದರ ಫೋಟೊ ತೆಗೆಯುವುದಿಲ್ವಾ? ಎಷ್ಟಕ್ಕೆ ಹಾಕುವುದು?” ಅನುಷ್ಕಾ ಕೇಳಿದಳು.

“ಇದು ಮಾರ್ಲಿಕ್ಕೆ ಅಲ್ಲ” ಎಂದ ಮುಖೇಶ್. “ನಾನು ಚಿಕ್ಕಪ್ಪ ಅಲ್ವಾ?”

ಅಂಗಿಯನ್ನು ಮಡಚಿ ಮೆಷಿನ್ನಿನ ಮೇಲೆ, ಅಮ್ಮನ ಫೋಟೊದ ಕೆಳಗೆ ಇಟ್ಟ. ಬೆಳಿಗ್ಗೆ ನೋಡಿದರೆ ಅಲ್ಲಿ ಅಂಗಿ ಇರಲಿಲ್ಲ. ಕಿಟಕಿ ಮುಚ್ಚಿತ್ತು, ಬಾಗಿಲ ಚಿಲಕ ಹಾಕಿದ ಹಾಗೆಯೇ ಇತ್ತು. ಇಲಿ ಒಯ್ದಿರಬೇಕೆಂದು ಅನುಷ್ಕಾ ಕಪಾಟಿನ ಹಿಂದೆ, ಮಂಚದ ಕೆಳಗೆ, ಎಲ್ಲ ಕಡೆ ಹುಡುಕಿದಳು. ಮುಖೇಶ್ ಹುಡುಕಲಿಲ್ಲ. ಒಂದು ದಿನ ಕಾದ, ಎರಡು ದಿನ ಕಾದ, ಒಂದು ವಾರ ಕಾದ. ಆಮೇಲೆ ಅವನ ಮುಖದಲ್ಲಿ ಒಂದು ದೊಡ್ಡ ನಗು ಬಂತು.

“ಅಳತೆ ಸರಿಯಾಗಿದೆ ಮಾರಾಯ್ತಿ” ಎಂದ ಹೆಂಡತಿಗೆ. “ಇಲ್ಲದಿದ್ರೆ ಇಷ್ಟರಲ್ಲಿ ವಾಪಸ್ ಬರ್ತಿತ್ತು.”